ಅಣ್ಣನ ಗಾಡಿಯ ಮುಳ್ಳುಗಳು

ಹಳೆಯ ಗಾಡಿಗಳ ಮೀಟರು ರಿಪೇರಿ ಮಾಡುವ ಹೆಂಗಸಿಗೆ ಊರಿನವರು ಇಟ್ಟ ಹೆಸರು ಮೀಟರಕ್ಕ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಅದೀಗ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ಉಳಿದಿತ್ತು. ವಯಸ್ಸು ಐವತ್ತೆರಡು, ಗಿಡ್ಡ ಆಳು, ಕೋಪ ಮೂಗಿನ ತುದಿಯಲ್ಲೇ. ಎಂಜಿನ್ ಬಿಚ್ಚುವ ಗಂಡಸರೆಲ್ಲ ಸಾಲಾಗಿ ಅಂಗಡಿ ಇಟ್ಟಿದ್ದ ಆ ಬೀದಿಯಲ್ಲಿ ನೆಲ ಜಿಡ್ಡಾಗದ ಶೆಡ್ಡು ಅಂದರೆ ಅವಳದೊಂದೇ. ಒಳಗೊಂದು ಉದ್ದ ಮೇಜು, ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಹೊಟ್ಟೆ ಬಿಚ್ಚಿಸಿಕೊಂಡು ಮಲಗಿದ ಮೀಟರುಗಳು.

ಗೋಡೆಯ ತುಂಬ ಮೊಳೆಗೆ ನೇತು ಹಾಕಿದ ಡಯಲುಗಳು. ಎಂದೋ ಗುಜರಿ ಸೇರಿದ ಗಾಡಿಗಳವು. ಒಂದರ ಮುಳ್ಳು ಅದೇನು ಮುನಿಸೋ, ಅರವತ್ತರಲ್ಲೇ ಗಟ್ಟಿಯಾಗಿ ನಿಂತುಬಿಟ್ಟಿತ್ತು. ಕೆಲಸವಿಲ್ಲದ ಮಧ್ಯಾಹ್ನ ಅವಳು ಸ್ಟೂಲಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು. ಆ ಗಾಡಿ ಈಗಲೂ ಎಲ್ಲೋ ಅರವತ್ತರಲ್ಲಿ ಓಡುತ್ತಲೇ ಇದೆ, ಎರಡೂ ಕಡೆ ಮರ, ಎದುರಿಗೆ ಯಾರೂ ಇಲ್ಲ, ಕಿಟಕಿಯಿಂದ ಗಾಳಿ ಬರುತ್ತಿದೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಗಿರಾಕಿ ಬಂದು ಕೆಮ್ಮಿದರೂ ಕೇಳಿಸುತ್ತಿರಲಿಲ್ಲ. ಪಕ್ಕದ ಟಯರಿನವನು, "ಮೀಟರಕ್ಕ ಟೂರ್ ಹೋಗಿದಾರೆ, ಒಂದು ಗಳಿಗೆ ಬಿಟ್ಟು ಬನ್ನಿ" ಎಂದು ಅವರನ್ನು ಸಾಗಹಾಕುತ್ತಿದ್ದ.

ಅವಳ ಅಣ್ಣನದೊಂದು ಪಿಕಪ್ ಗಾಡಿ. ಗಾಡಿಗೆ ನಲವತ್ತಾರು, ಅಣ್ಣನಿಗೆ ಅರವತ್ತೈದು. ನರ್ಸರಿಯಿಂದ ಗಿಡ ತುಂಬಿಕೊಂಡು ಮನೆಮನೆಗೆ, ಶಾಲೆಗಳಿಗೆ, ಆಫೀಸುಗಳಿಗೆ ಮುಟ್ಟಿಸುವುದು ಅವನ ಕೆಲಸ. ಗಾಡಿಯ ಒಳಗೆ ಯಾವಾಗಲೂ ಒದ್ದೆ ಮಣ್ಣಿನ ವಾಸನೆ. ಅದರ ಸ್ಟಿಯರಿಂಗನ್ನು ಅವನು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ಬೀದಿಯ ಗಾಡಿಗಳನ್ನೆಲ್ಲ ಓಡಿಸಿ ನೋಡುತ್ತಿದ್ದ ತಂಗಿಗೂ ಕೊಟ್ಟವನಲ್ಲ. ಡ್ಯಾಶ್‌ಬೋರ್ಡಿನಲ್ಲಿ ಮೂರೇ ಮೀಟರು: ಒಂದು ವೇಗ, ಒಂದು ಡೀಸೆಲ್, ಒಂದು ಎಂಜಿನ್ನಿನ ಬಿಸಿ. ಆ ತಿಂಗಳು ಅವಕ್ಕೇನೋ ಗ್ರಹಚಾರ ಹಿಡಿದಿತ್ತು.

ಮೊದಲ ಸಲ ಬಂದಾಗ ಅವನು, "ಡೀಸೆಲ್ ಮುಳ್ಳು ನೋಡ್ತಾ ನೋಡ್ತಾನೇ ಮಾಯ ಆಗುತ್ತೆ ಪುಟ್ಟಿ, ಆಮೇಲೆ ತಾನೇ ಬರುತ್ತೆ" ಎಂದ. ಬಂದು ಹೋಗುವ ಕಾಯಿಲೆ ಮೀಟರಕ್ಕನಿಗೆ ಹಳೆಯ ಪರಿಚಯ. ಟ್ಯಾಂಕಿನಿಂದ ಬರುವ ವೈರನ್ನು ಕಳಚಿ ಗಾಡಿಯ ಮೈಗೆ ಮುಟ್ಟಿಸಿದಳು. ಮುಳ್ಳು ಸರ್ರನೆ ಫುಲ್ಲಿಗೆ ಏರಿತು. ಅಂದರೆ ಮೀಟರು ಸರಿ, ವೈರೂ ಸರಿ, ದೋಷ ಟ್ಯಾಂಕಿನಲ್ಲಿ. ಡೀಸೆಲಿನ ಮೇಲೆ ತೇಲಬೇಕಾದ ಹಿತ್ತಾಳೆ ಬುರುಡೆಯನ್ನು ಹೊರಗೆ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಗುಳುಗುಳು. ಸೂಜಿಮೊನೆಯಷ್ಟು ತೂತು, ಅದರಿಂದ ಒಳಗೆ ಡೀಸೆಲ್ ಹೋಗಿ ಬುರುಡೆ ಮುಳುಗುತ್ತಿತ್ತು. ತೂತನ್ನು ಅಣ್ಣನಿಗೆ ತೋರಿಸಿ, ಬೆಸುಗೆ ಹಾಕಿ ಮುಚ್ಚಿದಾಗ ಅವನು ಚಿಕ್ಕ ಹುಡುಗನ ಹಾಗೆ ನಕ್ಕು, ಅವಳ ಬೆನ್ನು ತಟ್ಟಿ ಹೋದ.

ವಾರ ಕಳೆಯುವಷ್ಟರಲ್ಲಿ ಮತ್ತೆ ಬಂದ. ಈ ಸಲ ಡೀಸೆಲ್ ಮುಳ್ಳೂ ಬಿಸಿ ಮುಳ್ಳೂ ಎರಡೂ ಕಾಣೆಯಾಗುತ್ತವಂತೆ. ಎರಡು ಒಟ್ಟಿಗೆ ಕೆಟ್ಟರೆ ಅವೆರಡಕ್ಕೂ ಸೇರಿದ ಜಾಗ ಹುಡುಕಬೇಕು. ಡ್ಯಾಶ್‌ಬೋರ್ಡಿನ ಹಿಂದೆ ಅರ್ತ್ ವೈರಿನ ಸ್ಕ್ರೂ ತುಕ್ಕು ತಿಂದು ಕೂತಿತ್ತು. ಉಪ್ಪುಕಾಗದ ಹಾಕಿ ಲೋಹ ಹೊಳೆಯುವವರೆಗೂ ಉಜ್ಜಿ ಬಿಗಿ ಮಾಡಿದಳು. ಅಣ್ಣ ಈ ಸಲವೂ ಖುಷಿಯಾದ, ಅತಿಯಾಗಿಯೇ ಖುಷಿಯಾದ.

ಮೂರನೆಯ ಸಲ ಅವನು ಬರುವ ಮೊದಲು ಅತ್ತಿಗೆಯ ಫೋನು ಬಂತು.

"ನೋಡು, ಈ ಸಲ ಆಗಲ್ಲ ಅಂತ ಹೇಳಿ ಕಳಿಸಿಬಿಡು. ಈ ಮೀಟರು ಇನ್ನು ರಿಪೇರಿ ಆಗಲ್ಲ, ಗಾಡಿ ಮಾರಿಬಿಡು ಅನ್ನು. ನೀನು ಹೇಳಿದ್ರೆ ಕೇಳ್ತಾರೆ."

"ಯಾಕತ್ತಿಗೆ? ನಾನು ಯಾಕೆ ಹಾಗೆ ಹೇಳ್ಲಿ?"

"ಮೊನ್ನೆ ಗೇಟಿಗೆ ಗುದ್ದಿದ್ರು. ಇಷ್ಟು ವರ್ಷದಲ್ಲಿ ಒಂದು ಗೀರು ಮಾಡಿದವರಲ್ಲ. ವಯಸ್ಸಾಯ್ತು ಕಣೇ, ನನಗೆ ಭಯ ಆಗುತ್ತೆ."

ಮೀಟರಕ್ಕನಿಗೆ ಪಿತ್ತ ನೆತ್ತಿಗೇರಿತು. ತನ್ನ ಕೈಕೆಲಸದ ಮೇಲೆ ಸುಳ್ಳು ಹೇಳಬೇಕೇ? ಗಾಡಿಯಿಂದ ಇಳಿಸಿದರೆ ಅಣ್ಣ ಆರು ತಿಂಗಳಲ್ಲಿ ಮೂಲೆ ಹಿಡಿಯುತ್ತಾನೆ. ಅದು ಈ ಮಹಾರಾಯಿತಿಗೆ ಗೊತ್ತಿಲ್ಲವೇ? "ನೋಡ್ತೀನಿ ಬಿಡಿ" ಎಂದು ಫೋನಿಟ್ಟಳು. ಇನ್ನು ಯಾರೂ ತುಟಿ ಬಿಚ್ಚದ ಹಾಗೆ ಸರಿಮಾಡುತ್ತೇನೆ ಎಂದು ಅಲ್ಲೇ ಹಟ ತೊಟ್ಟಳು.

ಗಾಡಿ ಬಂತು. ಮುಳ್ಳುಗಳು ಮತ್ತೆ ಮಾಯವಾಗುತ್ತಿವೆಯಂತೆ. ಹಿಂದೆ ಮೂವತ್ತು ಗಿಡ, ಸಂಜೆಯೊಳಗೆ ಒಂದು ಶಾಲೆಗೆ ಮುಟ್ಟಬೇಕು. ಅಣ್ಣನನ್ನು ಟಯರಿನವನ ಬೆಂಚಿನ ಮೇಲೆ ಕೂರಿಸಿ, ಅವಳು ಸೀಟಿನ ಕೆಳಗೆ ಅಂಗಾತ ಮಲಗಿ ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿದಳು. ಕಾಲು ಬಾಗಿಲಿನಿಂದ ಹೊರಗೆ. ಅಲ್ಲಿಂದ ನೋಡಿದರೆ ಅದೊಂದು ಬೇರೆಯೇ ಊರು. ಕೆಂಪು ವೈರು, ಹಸಿರು ವೈರು, ಬಿಳಿ ಪಟ್ಟೆಯ ಕಪ್ಪು ವೈರು ಒಂದರ ಮೇಲೊಂದು ಹಾದು ಎಲ್ಲೆಲ್ಲಿಗೋ ಹೋಗುತ್ತಿದ್ದವು. ಡಯಲಿನ ಅಂಚಿನಿಂದ ಬಿಸಿಲಿನ ಎಳೆ ಇಳಿದು ಅದರಲ್ಲಿ ಧೂಳು ನಿಧಾನಕ್ಕೆ ಈಜುತ್ತಿತ್ತು. ಅವಳು ಹಸಿರು ವೈರಿನ ಮೇಲೆ ಬೆರಳಿಟ್ಟು ನಡೆದುಕೊಂಡೇ ಹೊರಟಳು. ಬಾಲ್ಯದಲ್ಲಿ ಈ ಗಾಡಿ ಹೊಸದಾಗಿ ಬಂದಾಗ ಅಣ್ಣ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾವ ಕೆಲಸವೂ ಇಲ್ಲದೆ ಸುತ್ತಿಸಿದ್ದ. ಆ ರಸ್ತೆ ಎಲ್ಲಿ ಮುಗಿಯಿತು ಎಂಬುದು ಅವಳಿಗೆ ಈಗಲೂ ನೆನಪಾಗದು. ಮುಗಿದೇ ಇಲ್ಲವೇನೋ ಎಂದುಕೊಂಡು ಅವಳು ಅಲ್ಲೇ ಎಷ್ಟು ಹೊತ್ತು ಮಲಗಿದ್ದಳೋ, ಕೈ ಮಾತ್ರ ತನ್ನ ಪಾಡಿಗೆ ಟೆಸ್ಟ್ ಬಲ್ಬು ಹಿಡಿದು ಒಂದೊಂದೇ ಜಾಗ ಮುಟ್ಟಿ ನೋಡುತ್ತಿತ್ತು. ಎಲ್ಲ ಕಡೆ ಬಲ್ಬು ಉರಿಯಿತು. ಬುರುಡೆ ತೇಲುತ್ತಿತ್ತು, ಅರ್ತ್ ಗಟ್ಟಿಯಾಗಿತ್ತು. ಹುಡುಕಲು ಇನ್ನೇನೂ ಉಳಿದಿರಲಿಲ್ಲ.

"ಒಂದು ರೌಂಡ್ ಹೋಗಿ ಬಾ ಅಣ್ಣ" ಎಂದಳು.

ಅವನು ಹೋಗಿ ಬಂದ. "ಇಲ್ಲ ಪುಟ್ಟಿ, ಹಾಗೇ ಇದೆ."

ಅವಳು ಪಕ್ಕದ ಸೀಟು ಹತ್ತಿ ಕೂತಳು. ಎಂಜಿನ್ ಓಡುತ್ತಿತ್ತು. ಮೂರು ಮುಳ್ಳೂ ಇದ್ದಲ್ಲೇ ಇದ್ದವು, ಡೀಸೆಲ್ ಅರ್ಧಕ್ಕೆ, ಬಿಸಿ ನಡುವೆ, ವೇಗ ಸೊನ್ನೆ.

"ಈಗ ಕಾಣ್ತಿದೆಯಾ?"

"ಈಗಿಲ್ಲ" ಎಂದು ಅಣ್ಣ ಕತ್ತು ಓರೆ ಮಾಡಿದ, ಕೋಳಿ ಕಾಳು ನೋಡುವ ಹಾಗೆ. "ಹಾಂ, ಈಗ ಬಂತು. ಅರ್ಧ ಇದೆ."

ಮುಳ್ಳು ಅಲುಗಿರಲಿಲ್ಲ. ಅಣ್ಣನ ಕತ್ತು ಅಲುಗಿತ್ತು. ಅವಳು ಕೈ ನೀಡಿ ಎಂಜಿನ್ ಆಫ್ ಮಾಡಿದಳು. ಸುಳ್ಳು ಹೇಳುವುದು ಅವಳಿಗೆ ಆಗ ಎಷ್ಟು ಸುಲಭವಿತ್ತು! ಮೀಟರು ಸತ್ತುಹೋಗಿದೆ ಎಂದರೆ ಅತ್ತಿಗೆಗೂ ನೆಮ್ಮದಿ, ಅಣ್ಣನ ಮರ್ಯಾದೆಗೂ ಕುಂದಿಲ್ಲ.

"ಅಣ್ಣ, ಮೀಟರೆಲ್ಲ ಸರಿಯಾಗಿದೆ."

ಅವನು ಸ್ಟಿಯರಿಂಗ್ ಹಿಡಿದುಕೊಂಡೇ ಇದ್ದ.

"ನಿನ್ನ ಕಣ್ಣು ಅಣ್ಣ."

"ಗೊತ್ತು" ಎಂದ. "ಡಾಕ್ಟರು ಆವಾಗ್ಲೇ ಹೇಳಿದ್ರು. ನಡುವೆ ಕಾಣೋದು ಹೋಗ್ತಾ ಇದೆ, ಹೋಗಿದ್ದು ವಾಪಸ್ ಬರಲ್ಲ ಅಂತ. ನಿಮ್ಮತ್ತಿಗೆಗೆ ಹೇಳಿಲ್ಲ."

"ಮತ್ತೆ ನನ್ನ ಹತ್ರ ಯಾಕೆ ಬಂದೆ?"

"ಗಾಡೀಲೇ ಏನಾದ್ರೂ ಕೆಟ್ಟಿರ್ಲಿ ಅಂತ ಬಂದೆ. ನೀನು ಆ ಬುರುಡೆ ತೂತು ತೋರಿಸಿದ್ಯಲ್ಲ, ಅವತ್ತು ನನಗೆ ಎಷ್ಟು ಖುಷಿಯಾಯ್ತು ಗೊತ್ತಾ? ಡಾಕ್ಟರು ಹೇಳಿದ್ದೇ ಸುಳ್ಳು ಅನ್ಕೊಂಡೆ. ತುಕ್ಕು ಸಿಕ್ತಲ್ಲ, ಆವಾಗಲೂ ಅಷ್ಟೆ."

ತನ್ನ ಕೈಗುಣದ ಮೇಲೆ ಅವಳಿಗೆ ಮೊದಲ ಸಲ ಸಿಟ್ಟು ಬಂತು. ಏನೂ ಸಿಗದಿದ್ದರೆ ಅಣ್ಣ ಮೊದಲ ವಾರವೇ ನಿಜ ಒಪ್ಪಿಕೊಂಡು ಅತ್ತುಬಿಡುತ್ತಿದ್ದ, ಗೇಟಿಗೆ ಗುದ್ದುತ್ತಿರಲಿಲ್ಲ. ಅತ್ತಿಗೆಯನ್ನು ಬೈದುಕೊಂಡಿದ್ದಕ್ಕೂ ನಾಚಿಕೆಯಾಯಿತು.

ಬಿಸಿಲು ಇಳಿಯುತ್ತಿತ್ತು. ಹಿಂದೆ ಗಿಡಗಳು ಬಾಡಲು ಶುರುವಾಗಿದ್ದವು. ಅಣ್ಣ ಅದನ್ನೂ ನೋಡಲಿಲ್ಲ, ವಾಸನೆಯಿಂದಲೇ ತಿಳಿದುಕೊಂಡ. ಕೆಳಗಿಳಿದು, ಬಾನೆಟ್ಟಿನ ಮೇಲೆ ಕೈಯಾಡಿಸುತ್ತ ಗಾಡಿಯ ಮುಂದಿನಿಂದ ಸುತ್ತಿ ಬಂದು ಅವಳ ಬಾಗಿಲ ಹತ್ತಿರ ನಿಂತ.

"ಆ ಕಡೆ ಸರಿ ಪುಟ್ಟಿ. ಗಿಡ ಒಣಗ್ತವೆ."

ಅವಳು ಸರಿದು ಸ್ಟಿಯರಿಂಗ್ ಹಿಡಿದಳು. ಅದು ಇನ್ನೂ ಬೆಚ್ಚಗಿತ್ತು. ಗಾಡಿ ಬೀದಿ ದಾಟಿ ಮರಗಳ ಸಾಲಿಗೆ ಬಂತು. ನೆರಳು, ಬಿಸಿಲು, ನೆರಳು ಗಾಜಿನ ಮೇಲೆ ಹಾದುಹೋಗುತ್ತಿದ್ದವು. ಅಣ್ಣ ಎಂಜಿನ್ನಿನ ಸದ್ದಿಗೆ ಕಿವಿ ಕೊಟ್ಟು, "ಈಗ ಗೇರು ಹಾಕು... ಮೆಲ್ಲಗೆ, ಮುಂದೆ ಹಳ್ಳ ಇದೆ" ಎಂದು ಹೇಳುತ್ತಿದ್ದ. ಹೇಳಿದ್ದೆಲ್ಲ ಸರಿಯಿತ್ತು.

"ಬಿಸಿ ಎಷ್ಟಿದೆ?" ಎಂದು ಕೇಳಿದ.

"ನಡುವೆ ಇದೆ ಅಣ್ಣ."

"ಡೀಸೆಲ್?"

"ಅರ್ಧ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅದನ್ನೇ ಕೇಳಿದ, ಅವಳು ಮತ್ತೆ ಅದನ್ನೇ ಹೇಳಿದಳು. ನಾಲ್ಕನೆಯ ಸಲ ಕೇಳುವಾಗ ಅವನ ದನಿ ಒಡೆಯಿತು, ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಅವಳಿಗೂ ಅಳು ಒತ್ತರಿಸಿ ಬಂತು, ಆದರೆ ರಸ್ತೆ ಕಾಣಬೇಕಿತ್ತು, ಅದಕ್ಕೆ ತಡೆದುಕೊಂಡಳು.