ರೇಮಂಡ್ ಆಕ್ರಾಯ್ಡ್‌ಗೆ ಸಿಗದ ಎಂಜಿನ್ನು

ರೇಮಂಡ್ ಆಕ್ರಾಯ್ಡ್‌ನನ್ನು ಹಾಳು ಮಾಡಿದ್ದು ಅವನ ಸಭ್ಯತೆ. ಅವನ ಹೆಂಡತಿ ಜೋನ್ ಇದನ್ನು ಒಪ್ಪುವುದಿಲ್ಲ. ಹಾಳಾಗುವಂಥದ್ದು ಅವನಲ್ಲಿ ಮೊದಲೇ ಏನೂ ಉಳಿದಿರಲಿಲ್ಲ ಎನ್ನುತ್ತಾಳೆ.

ಡಾಂಕಾಸ್ಟರಿನ ಮಿಠಾಯಿ ಕಾರ್ಖಾನೆಯೊಂದರಲ್ಲಿ ಟಾಫಿಗೆ ಕಾಗದ ಸುತ್ತುವ ಯಂತ್ರವನ್ನು ನೋಡಿಕೊಳ್ಳುವುದು ಅವನ ಕೆಲಸ. ಉಳಿದ ಹೊತ್ತೆಲ್ಲ ಅವನು ನಮ್ಮವನು. ನಾವು ಎಂದರೆ, ಹಳೆಯ ಡೀಸೆಲ್ ಎಂಜಿನ್ ಎಳೆಯುವ ರೈಲಿನಲ್ಲಿ ಕೂರುವುದಕ್ಕೆಂದೇ ದೇಶದೇಶ ಅಲೆಯುವ ಗಂಡಸರು. ಗುರುವಾರ ಸಂಜೆ ಸ್ಟೇಷನ್ನಿನ ಎದುರು ಪಬ್ಬಿನ ಮಹಡಿಯಲ್ಲಿ ಸೇರುತ್ತೇವೆ. ಉಗಿ ಎಂಜಿನ್ನಿನ ಮೋಹದವರು ಕೆಳಗೆ ಕೂರುತ್ತಾರೆ. ಅವರ ಜೊತೆ ಹೆಂಡತಿ ಮಕ್ಕಳೂ ಬರುತ್ತಾರೆ. ನಮ್ಮ ಜೊತೆ ಯಾರೂ ಬರುವುದಿಲ್ಲ.

ನಮ್ಮ ಪಂಗಡದ ಕಟ್ಟಳೆ ಒಂದೇ. ಎಂಜಿನ್ನನ್ನು ನೋಡಿದರೆ ಲೆಕ್ಕಕ್ಕಿಲ್ಲ. ಮುಟ್ಟಿದರೂ ಇಲ್ಲ, ಒಳಗೆ ಹತ್ತಿ ಚಾಲಕನ ಕುರ್ಚಿಯಲ್ಲಿ ಕೂತು ಫೋಟೋ ತೆಗೆಸಿಕೊಂಡರೂ ಇಲ್ಲ. ಅದು ತನ್ನ ಸ್ವಂತ ಬಲದಿಂದ ನಿಮ್ಮನ್ನು ಎಳೆಯಬೇಕು. ಈ ವಿಷಯದಲ್ಲಿ ನಾವು ತೋರುವ ನಿಷ್ಠೆಯನ್ನು ಸಂಸಾರದಲ್ಲಿ ತೋರಿದ್ದರೆ ಪಂಗಡದ ಅರ್ಧಕ್ಕರ್ಧ ಜನಕ್ಕೆ ವಿಚ್ಛೇದನ ಆಗುತ್ತಿರಲಿಲ್ಲ.

ಲ್ಯಾಂಕಶೈರಿನ ಒಂದು ಕಾರ್ಖಾನೆ ಕಟ್ಟಿದ ಒಂದು ಬಗೆಯ ಎಂಜಿನ್ನೆಂದರೆ ರೇಮಂಡನಿಗೆ ಪ್ರಾಣ. ಹೊರಡುವಾಗ ಅದು ಮೊದಲು ತೆಳುವಾಗಿ ಶಿಳ್ಳೆ ಹಾಕುತ್ತದೆ, ಆಮೇಲೆ ಎದೆಯೊಳಗಿನಿಂದ ಗುಡುಗುತ್ತದೆ. ನಮ್ಮ ದೇಶದಲ್ಲಿದ್ದವೆಲ್ಲ ಗುಜರಿ ಸೇರಿದವು. ಹೊರದೇಶಕ್ಕೆ ಹೋಗಿದ್ದ ಅವುಗಳ ಅಣ್ಣತಮ್ಮಂದಿರನ್ನು ರೇಮಂಡ್ ಹುಡುಕಿಕೊಂಡು ಹೊರಟ. ಪೋರ್ಚುಗಲ್ಲಿಗೆ ಹೋದ, ಹಿಂದಿನ ವಾರವಷ್ಟೇ ನಿಲ್ಲಿಸಿದ್ದರು. ಮಲೇಷ್ಯಾಕ್ಕೆ ಹೋದ, ಕತ್ತರಿಸುತ್ತಿದ್ದರು, ಕಿಡಿ ಹಾರುವುದನ್ನು ನೋಡಿಕೊಂಡು ಬಂದ. ಹೋದಲ್ಲೆಲ್ಲ ತಿಥಿಯೂಟಕ್ಕೆ ಸರಿಯಾಗಿ ತಲುಪುವ ನೆಂಟನಾದ.

ಕೊನೆಗೆ ಸುಡಾನಿನಲ್ಲಿ ಒಂದು ಇನ್ನೂ ಓಡುತ್ತಿದೆ ಎಂಬ ಸುದ್ದಿ ಬಂತು. ನಂಬರು 1811. ಆ ಬಗೆಯದರಲ್ಲಿ ಉಸಿರಿರುವುದು ಅದೊಂದೇ. ಅದೂ ತಪ್ಪಿದರೆ ಆ ಶಿಳ್ಳೆ ಅವನ ಕಿವಿಗೆ ಇನ್ನು ಬೀಳುವಂತಿರಲಿಲ್ಲ.

"ಬೇರೆಯವರ ಗಂಡಂದಿರು ಹೆಂಗಸರ ಹಿಂದೆ ಹೋಗ್ತಾರೆ," ಎಂದಳು ಜೋನ್, ಅವನ ಚೀಲಕ್ಕೆ ಕಾರ್ಖಾನೆಯ ದೊಡ್ಡ ಟಾಫಿ ಡಬ್ಬ ತುರುಕುತ್ತಾ. "ಅದಾದ್ರೆ ಪಕ್ಕದ್ಮನೆಯವರ ಹತ್ರ ಹೇಳ್ಕೊಂಡು ಅಳಬಹುದಿತ್ತು. ಇದನ್ನ ಯಾರ ಹತ್ರ ಹೇಳ್ಕೊಳ್ಳಲಿ? ತಗೋ, ಅಲ್ಲಿ ಯಾರಾದ್ರೂ ಸಹಾಯ ಮಾಡಿದ್ರೆ ಕೊಡು."

ನಾನೂ ಜೊತೆಗೆ ಹೋದೆ. ಒಬ್ಬನೇ ಬಿಟ್ಟರೆ ರೇಮಂಡ್ ಪ್ರತಿ ಟಿಕೆಟ್ ಕಿಟಕಿಯಲ್ಲೂ ಕ್ಷಮೆ ಕೇಳಿ, ಟಿಕೆಟ್ ಕೇಳದೆ ವಾಪಸು ಬರುವ ಪೈಕಿ.

ಅಟ್ಬರಾ ಊರಿನ ರೈಲ್ವೆ ಯಾರ್ಡಿನ ಮುಖ್ಯಸ್ಥ ಬಶೀರ್ ಎಂಬ ಎತ್ತರದ ಮನುಷ್ಯ. ಬಿಳಿ ನಿಲುವಂಗಿ, ಅಷ್ಟೇ ಬಿಳಿಯ ಮುಂಡಾಸು. ಚಮಚ ನೆಟ್ಟರೆ ನಿಲ್ಲುವಷ್ಟು ಸಕ್ಕರೆಯ ಚಹಾ ಕುಡಿಸಿದ. ಮರುದಿನದ ರೈಲಿಗೆ ಯಾವ ಎಂಜಿನ್ನು ಎಂದಷ್ಟೇ ರೇಮಂಡ್ ಕೇಳಿದ್ದಕ್ಕೆ, ಸಂಜೆ ನಮ್ಮನ್ನು ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದ. ಅಲ್ಲಿ 1811 ನಿಂತಿತ್ತು. ಯಾವ ಬಣ್ಣ ಎಂದು ಹೇಳುವಂತಿರಲಿಲ್ಲ. ಮುಂದಿನ ಒಂದು ಗಾಜಿಲ್ಲ, ಬಾಗಿಲಿಗೆ ತಂತಿ ಬಿಗಿದಿತ್ತು, ಹೊಟ್ಟೆಯಡಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ನಾಳೆ ಬೆಳಿಗ್ಗೆ ನಿಮ್ಮ ರೈಲಿಗೆ ಇದೇ," ಎಂದ ಬಶೀರ್, ನೆಲ ನೋಡುತ್ತಾ.

ರೇಮಂಡ್ ಟೋಪಿ ತೆಗೆದ. ಕಣ್ಣಿನಿಂದ ಧಾರಾಕಾರ ನೀರು. ಸುಮ್ಮನೆ ತಲೆಯಾಡಿಸಿ, ಟಾಫಿ ಡಬ್ಬವನ್ನು ಬಶೀರನ ಕೈಗಿಟ್ಟು ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಬಶೀರ್ ಆ ಕಣ್ಣೀರನ್ನು ನೋಡಿದ, ಡಬ್ಬ ನೋಡಿದ, ಆಮೇಲೆ ಎಂಜಿನ್ನನ್ನು ನೋಡಿದ.

"ನನಗೆ ಅರ್ಥ ಆಯ್ತು, ಉಸ್ತಾದ್," ಎಂದ, ಎದೆಯ ಮೇಲೆ ಕೈಯಿಟ್ಟು. "ಏನೂ ಹೇಳಬೇಡಿ."

ಜಗತ್ತಿನಲ್ಲಿ ನಮ್ಮನ್ನು ಅರ್ಥ ಮಾಡಿಕೊಂಡ ಮೊದಲನೆಯವನು ಎಂದು ರೇಮಂಡ್ ಊಟದ ಹೊತ್ತಿನಲ್ಲಿ ನನಗೆ ಎರಡು ಸಲ ಹೇಳಿದ.

ಬೆಳಿಗ್ಗೆ ಪ್ಲಾಟ್‌ಫಾರ್ಮಿಗೆ ಹೋದರೆ, ನಮ್ಮ ರೈಲಿನ ಮುಂದೆ ಅಮೆರಿಕದ ಹೊಚ್ಚಹೊಸ ಎಂಜಿನ್ನೊಂದು ಫಳಫಳ ಹೊಳೆಯುತ್ತಿತ್ತು. ಆ ಮರಳುಗಾಡಿನಲ್ಲಿ ಅದನ್ನು ಬಕೆಟ್ಟು ಬಕೆಟ್ಟು ನೀರು ಸುರಿದು ತೊಳೆದಿದ್ದರು. ಯಾರ್ಡಿನವರೆಲ್ಲ ಮದುವೆಗೆ ನಿಂತ ಹಾಗೆ ಸಾಲಾಗಿ ನಿಂತಿದ್ದರು. ಬಶೀರನ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು.

"ಇಷ್ಟು ದೂರದಿಂದ ಬಂದ ಅತಿಥಿಗಳು," ಎಂದ. "ಆ ಮುದಿ ಎಂಜಿನ್ನನ್ನ ನೋಡಿ ಕಣ್ಣೀರು ಹಾಕಿದ್ರಿ. ಅದನ್ನೇ ನಿಮ್ಮ ರೈಲಿಗೆ ಕಟ್ಟಿ ಕಳಿಸಿದ್ರೆ ನಾನು ನಾಳೆ ಊರಲ್ಲಿ ಹೇಗೆ ತಲೆ ಎತ್ತಿ ಓಡಾಡಲಿ? ಖಾರ್ಟೂಮಿನ ಮೇಲಧಿಕಾರಿಗಳ ಕೈಕಾಲು ಹಿಡಿದು ಇದನ್ನ ತರಿಸಿದೆ."

ರೇಮಂಡನ ಮುಖ ಬಿಳುಚಿಕೊಂಡಿತು.

"ಹೇಳೋ," ಎಂದೆ ನಾನು ಅವನ ಪಕ್ಕೆಗೆ ತಿವಿದು. "ನಮಗೆ ಹಳೇದೇ ಬೇಕು ಅಂತ ಬಾಯಿಬಿಟ್ಟು ಹೇಳು."

"ಹೇಗಯ್ಯಾ ಹೇಳೋದು? ಪಾಪ, ಮನುಷ್ಯ ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ." ಆದರೂ ಧೈರ್ಯ ತಂದುಕೊಂಡು ಬಶೀರನತ್ತ ತಿರುಗಿದ. "ಇಷ್ಟೆಲ್ಲ ತೊಂದರೆ ಯಾಕೆ ತಗೊಂಡ್ರಿ? ನಮಗೆ ಹಳೇದೂ ಆಗ್ತಿತ್ತು."

"ತೊಂದರೆಯೇ? ನಮ್ಮ ಭಾಗ್ಯ!"

"ಇಲ್ಲ, ನಿಜವಾಗಲೂ. ನಿಮಗೇನೂ ಅಡ್ಡಿ ಇಲ್ಲದಿದ್ರೆ, ಹಳೇದೇ ಸಾಕಿತ್ತು."

"ನೋಡ್ರೋ, ನೋಡ್ರೋ!" ಬಶೀರ್ ತನ್ನ ಜನರತ್ತ ತಿರುಗಿದ. "ಎಂಥಾ ವಿನಯ! ಮನೆತನಸ್ಥರು ಅಂದ್ರೆ ಹೀಗಿರಬೇಕು."

ಅಲ್ಲಿ ಅತಿಥಿ ಮೂರು ಸಲ ಬೇಡವೆನ್ನಬೇಕು, ಆತಿಥೇಯ ಮೂರು ಸಲವೂ ಒತ್ತಾಯಿಸಬೇಕು. ನಮ್ಮಲ್ಲಿ ಎರಡು ಸಲ ಮೆಲ್ಲಗೆ ಹೇಳಿದರೆ ಅದೇ ಜಗಳ. ರೇಮಂಡ್ ಮೂರನೆಯ ಸಲ ಬಾಯಿ ತೆರೆದ. ಅಷ್ಟರಲ್ಲಿ ಇಡೀ ಯಾರ್ಡು ಚಪ್ಪಾಳೆ ತಟ್ಟಿತು.

ನಾನೇ ಮುಂದೆ ಹೋಗಿ ಕೇಳಿದೆ: "ಹಾಗಾದ್ರೆ ಹದಿನೆಂಟು ಹನ್ನೊಂದು ಎಲ್ಲಿ? ನಾಳಿದ್ದಿನ ರೈಲಿಗೆ ಕಟ್ತೀರಾ?"

"ಅದಾ? ಇನ್ನು ನಿಮ್ಮ ಕಣ್ಣಿಗೆ ಬೀಳಲ್ಲ," ಎಂದು ಬಶೀರ್ ನಕ್ಕ. "ಬೆಳಗಿನ ಜಾವವೇ ಗುಜರಿ ಸಾಲಿಗೆ ತಳ್ಳಿಸಿದೆ. ಒಳಗಿಂದ ತಾಮ್ರವೆಲ್ಲ ಬಿಚ್ಚಿ ಆಯ್ತು. ನಿಮ್ಮ ಸಂಕಟ ನೋಡಿರದಿದ್ರೆ ಇನ್ನೂ ಎರಡು ವರ್ಷ ಓಡಿಸ್ತಿದ್ವೇನೋ. ನೀವು ಬಂದು ನಮ್ಮ ಕಣ್ಣು ತೆರೆಸಿದ್ರಿ."

ರೇಮಂಡ್ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡಿದ. ಆಮೇಲೆ, "ತುಂಬಾ ಉಪಕಾರ ಆಯ್ತು," ಎಂದ.

ಮೊದಲ ಸ್ಟೇಷನ್ನಿನ ತನಕ ಬಿಟ್ಟು ಬರುತ್ತೇನೆಂದು ಬಶೀರ್ ನಮ್ಮ ಜೊತೆಗೇ ಹತ್ತಿದ. ರೈಲು ಸದ್ದಿಲ್ಲದೆ ಹೊರಟಿತು. ಹೊಸ ಎಂಜಿನ್ನಿನ ಗುಣವೇ ಅದು. ಯಾರ್ಡು ದಾಟುವಾಗ ಎಡಗಡೆ ಗುಜರಿ ಸಾಲು ಕಂಡಿತು. ಕೊನೆಯಲ್ಲಿ 1811, ಬಾಗಿಲ ತಂತಿಯನ್ನೂ ಬಿಚ್ಚಿಕೊಂಡಿದ್ದರು. ರೇಮಂಡ್ ಆ ಕಡೆಯ ಕಿಟಕಿಗೆ ಮುಖ ಹಚ್ಚಿದ.

"ಉಸ್ತಾದ್, ಈ ಕಡೆ ಬನ್ನಿ, ಈ ಕಡೆ!" ಬಲಗಡೆಯ ಕಿಟಕಿಯಿಂದ ಬಶೀರ್ ಕೂಗಿದ. "ತಿರುವಿನಲ್ಲಿ ಹೊಸದು ಪೂರ್ತಿ ಕಾಣುತ್ತೆ!"

ರೇಮಂಡ್ ಒಂದು ಕ್ಷಣ ಹಾಗೆಯೇ ನಿಂತ. ಆಮೇಲೆ ಬಲಗಡೆಗೆ ಹೋದ.

"ಎಂಥಾ ಎಂಜಿನ್ನು!" ಎಂದ.

ಮೊದಲ ಸ್ಟೇಷನ್ನಿನಲ್ಲಿ ಇಳಿಯುವಾಗ ಬಶೀರ್ ಅವನನ್ನು ಅಪ್ಪಿಕೊಂಡ. "ಮುಂದಿನ ಸಲ ಬರಲೇಬೇಕು. ಚೀನಾದಿಂದ ಇನ್ನೂ ಹೊಸದು ಬರ್ತಾ ಇದೆ. ನಿಮಗೆ ಅಂತಲೇ ತೆಗೆದಿಡ್ತೀನಿ."

ಊರಿಗೆ ಬಂದ ಮೇಲೆ ಗುರುವಾರ ಪಬ್ಬಿನ ಮಹಡಿ ಎಂದೂ ಇಲ್ಲದಷ್ಟು ತುಂಬಿತ್ತು. ರೇಮಂಡ್ ಬಂದು ನಿಂತ. ನಮ್ಮ ಅಧ್ಯಕ್ಷ ವಾಲ್ಟರ್, ಇಡೀ ಸಾಮ್ರಾಜ್ಯದ ಪರವಾಗಿ ಎಂಬಂತೆ ಗಂಟಲು ಸರಿಮಾಡಿಕೊಂಡು ಕೇಳಿದ: "ಹದಿನೆಂಟು ಹನ್ನೊಂದು?"

"ನೋಡ್ದೆ," ಎಂದ ರೇಮಂಡ್.

ಎಲ್ಲರೂ ತಂತಮ್ಮ ಗ್ಲಾಸಿನೊಳಗೆ ನೋಡಿಕೊಂಡರು. ನಾನು ನಡೆದದ್ದನ್ನೆಲ್ಲ ಹೇಳಿದೆ.

"ನಿನ್ನ ಬಾಯಿಗೇನಾಗಿತ್ತೋ?" ಎಂದ ವಾಲ್ಟರ್. "ನೇರವಾಗಿ ಹೇಳೋಕೆ ಏನು ಧಾಡಿ?"

"ಹೇಳಿದ್ರೆ ಆ ಮನುಷ್ಯ ಏನು ಅನ್ಕೋತಿದ್ದ?"

ವಾಲ್ಟರ್ ಅದೂ ಹೌದೆನ್ನುವಂತೆ ತಲೆಯಾಡಿಸಿದ. ನಾವೆಲ್ಲ ಅದೇ ಊರಿನವರು.

ಅಷ್ಟರಲ್ಲಿ ಉಗಿ ಎಂಜಿನ್ನಿನವನೊಬ್ಬ ಮಹಡಿ ಹತ್ತಿ ಬಂದ. ಕೆಳಗೆ ಅವನ ಅತ್ತೆಯೂ ಬಂದಿದ್ದಳಂತೆ, ಕೂರಲು ಜಾಗ ಸಾಲದು. ನಿಂತಿದ್ದ ರೇಮಂಡನ ಹಿಂದಿನ ಕುರ್ಚಿಯ ಮೇಲೆ ಕೈಯಿಟ್ಟು, "ಇಲ್ಲಿ ಯಾರಾದ್ರೂ ಕೂತಿದ್ದಾರಾ?" ಎಂದ.

ಇಪ್ಪತ್ತು ವರ್ಷಗಳಿಂದ ರೇಮಂಡ್ ಕೂರುತ್ತಿದ್ದ ಕುರ್ಚಿ ಅದು.

"ಇಲ್ಲ," ಎಂದ ರೇಮಂಡ್. "ತಗೊಂಡು ಹೋಗಿ."