ಗುಂಡಿ ಕಣ್ಣಿನ ಮೊಲಗಳು

ಪರದೇಶದ ಆ ಶಾಲೆಗೆ ಆಯಾ ಆಗಿ ಸೇರಿದಾಗಿನಿಂದ ಪ್ರತಿ ಕ್ರಿಸ್‌ಮಸ್‌ಗೂ ಅವಳು ತನ್ನ ತರಗತಿಯ ಮಕ್ಕಳಿಗೆ ಕೈಯಾರೆ ಏನಾದರೂ ಹೊಲಿದು ಕೊಡುತ್ತಿದ್ದಳು. ಯಾರೂ ಹೇಳಿ ಮಾಡಿಸಿದ್ದಲ್ಲ. ಅಲ್ಲಿನ ಭಾಷೆ ಅವಳಿಗೆ ಅಷ್ಟಕ್ಕಷ್ಟೇ. ಮೂಗು ಒರೆಸುವುದಕ್ಕೆ, ಶೂ ಕಟ್ಟುವುದಕ್ಕೆ ಸಾಲುತ್ತಿತ್ತು. ಮುದ್ದು ಮಾಡುವುದಕ್ಕೆ ಸಾಲುತ್ತಿರಲಿಲ್ಲ.

ಆ ವರ್ಷ ಇಪ್ಪತ್ತೆರಡು ಮೊಲಗಳು. ಗಂಡ ಲಾರಿ ತೆಗೆದುಕೊಂಡು ಹೋದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಹಳೆ ಅಂಗಿಗಳನ್ನು ಕತ್ತರಿಸಿ, ಹತ್ತಿ ತುಂಬಿ, ಕಿವಿ ಹೊಲಿಯುತ್ತಿದ್ದಳು. ಕಿವಿಗಳು ಒಂದಕ್ಕಿಂತ ಒಂದು ಉದ್ದ. ಕತ್ತೆಮರಿಗಳನ್ನು ಸಾಕುತ್ತಿದ್ದೀಯಾ ಎಂದು ಗಂಡ ನಗಾಡಿದ್ದ. ಕಣ್ಣನ್ನು ದಾರದಲ್ಲೇ ಹೊಲಿಯಬೇಕು, ಗುಂಡಿ ಬೇಡ ಎಂದು ತರಗತಿಯ ಟೀಚರಮ್ಮ ಮೊದಲೇ ಹೇಳಿದ್ದರು. ಆದರೆ ದಾರದ ಕಣ್ಣಿಗೆ ಕಳೆಯೇ ಬರಲಿಲ್ಲ. ಹೊಳೆಯುವ ಕಪ್ಪು ಗುಂಡಿ ಹಚ್ಚಿದ್ದೇ ತಡ, ಮೊಲ ತನ್ನನ್ನೇ ನೋಡಿದ ಹಾಗಾಯಿತು. ದಾರವನ್ನು ಎರಡು ಸುತ್ತು ಹೆಚ್ಚಾಗಿ ಎಳೆದು ಗಂಟು ಹಾಕಿದಳು.

ರಜೆಗೆ ನಾಲ್ಕು ದಿನವಿತ್ತು. ಮಧ್ಯಾಹ್ನ ಮೂರು ವರ್ಷದ ಪುಟಾಣಿಯೊಂದು ಅಮ್ಮ ಬೇಕೆಂದು ರಚ್ಚೆ ಹಿಡಿಯಿತು. ಅದರ ಕೂದಲು ನೋಡಿ ಅವಳು ಗುಂಗುರು ಎಂದು ಕರೆಯುತ್ತಿದ್ದಳು. ಏನು ಮಾಡಿದರೂ ಸುಮ್ಮನಾಗದಿದ್ದಾಗ ಚೀಲದಿಂದ ಒಂದು ಮೊಲ ತೆಗೆದು ಕೈಗಿತ್ತಳು. ಅಳು ನಿಂತಿತು. ಅವಳು ಮಕ್ಕಳು ಮಲಗಿದ್ದ ಹಾಸಿಗೆಗಳನ್ನು ಸುತ್ತಿಡಲು ಹೋದಳು. ತಿರುಗಿ ನೋಡುವಷ್ಟರಲ್ಲಿ ಮಗುವಿನ ಮುಖ ನೀಲಿಗಟ್ಟಿತ್ತು.

ಬಾಯಿಗೆ ಬಂದದ್ದು ಕನ್ನಡವೇ. "ಯಾರಾದ್ರೂ ಬನ್ನಿ, ಮಗೂಗೆ ಉಸಿರಿಲ್ಲ." ಮಾತು ತಿಳಿಯದಿದ್ದರೂ ಟೀಚರಮ್ಮ ಓಡಿಬಂದು ಮಗುವನ್ನು ಬೋರಲು ಹಾಕಿ ಬೆನ್ನಿಗೆ ಗುದ್ದಿದರು. ಗಂಟಲಿಗೆ ಸಿಕ್ಕಿದ್ದ ಮೊಲದ ಕಣ್ಣಿನ ಗುಂಡಿ ಬರಲಿಲ್ಲ. ಅದನ್ನು ಆಸ್ಪತ್ರೆಯಲ್ಲಿ ತೆಗೆದರು. ಆರನೆಯ ದಿನ ಗುಂಗುರು ಕಣ್ಣು ಬಿಟ್ಟಿತು. ಆದರೆ ಮಾತು ಹೋಗಿತ್ತು, ಕಾಲು ನಿಲ್ಲುತ್ತಿರಲಿಲ್ಲ.

ಶಾಲೆಯ ಹಿರಿಯರು ಎಲ್ಲರನ್ನೂ ಕೂರಿಸಿ ವಿಚಾರಿಸಿದರು. ಆಯಾಗೆ ಸರಿಯಾಗಿ ತಿಳಿಸಿ ಹೇಳದೆ ಇದ್ದದ್ದು ಟೀಚರಮ್ಮನ ತಪ್ಪು ಎಂಬಲ್ಲಿಗೆ ಮಾತು ಬಂದು ನಿಂತಿತ್ತು. ಅವಳು ಎದ್ದು, ತನ್ನ ಮುರುಕು ಭಾಷೆಯಲ್ಲಿ, ಅವರು ಹೇಳಿದ್ದರು, ನಾನೇ ಕೇಳಲಿಲ್ಲ ಎಂದಳು. ಅದೇ ದಿನ ಕೆಲಸ ಹೋಯಿತು.

"ಬಾಯಿ ಮುಚ್ಕೊಂಡಿದ್ರೆ ಉಳಿತಿತ್ತಲ್ವಾ?" ಎಂದ ಗಂಡ.

"ತಪ್ಪನ್ನ ಟೀಚರಮ್ಮನ ತಲೆಗೆ ಕಟ್ಲಾ?"

ಉಳಿದ ಇಪ್ಪತ್ತೊಂದು ಮೊಲಗಳನ್ನು ಶಾಲೆಯವರು ಕಸಕ್ಕೆ ಹಾಕಿದರು. ಆ ಸಲ ಮಕ್ಕಳು ಬರಿಗೈಯಲ್ಲೇ ರಜೆಗೆ ಹೋದವು.

ಆಸ್ಪತ್ರೆಗೆ ಒಂದೇ ಸಲ ಹೋದಳು. ಮಗುವಿನ ತಾಯಿ ಬಾಗಿಲಿಗೆ ಬಂದು ಅವಳು ಹೇಳುವುದನ್ನೆಲ್ಲ ಕೇಳಿಸಿಕೊಂಡಳು. ನೀನು ಬೇಕೆಂದು ಮಾಡಿದ್ದಲ್ಲ, ಅದು ನನಗೆ ಗೊತ್ತು, ಆದರೆ ಇನ್ನು ಬರಬೇಡ ಎಂದು ನಿಧಾನವಾಗಿ, ತಿಳಿಯುವ ಹಾಗೆ ಹೇಳಿ ಕದ ಹಾಕಿಕೊಂಡಳು. ಬೈದಿದ್ದರೆ ಇವಳು ತಡೆದುಕೊಳ್ಳುತ್ತಿದ್ದಳೇನೋ.

ಈಗ ಒಂದು ಲಾಂಡ್ರಿಯಲ್ಲಿ ಹೋಟೆಲಿನ ಹಾಸಿಗೆ ಬಟ್ಟೆಗಳನ್ನು ಇಸ್ತ್ರಿ ಮಾಡುತ್ತಾಳೆ. ಮೊನ್ನೆ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ತಾಯಿ ಮಗುವನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ನಿಂತಿದ್ದಳು. ಗುಂಗುರು ಇವಳ ಕಡೆ ನೋಡಿತು, ಗುರುತು ಹಿಡಿಯಲಿಲ್ಲ. ಅವರ ಬಸ್ ಬಂತು, ಹೋಯಿತು. ಅದೇ ಬಸ್ಸಿಗೆ ಇವಳೂ ಹತ್ತಬೇಕಿತ್ತು. ಹತ್ತದೆ, ಲಾಂಡ್ರಿಯವರೆಗೂ ನಡೆದೇ ಹೋದಳು.