ಹಮೀದ್ ಸರ್ ಎದೆಯ ಬಲಗಡೆ

ಸುಳ್ಳು ಸುದ್ದಿ ಅಂದುಕೊಂಡೆ...
ಗ್ರೂಪಿನಲ್ಲಿ ಯಾರೋ ಫೋಟೋ ಹಾಕಿ ಕೈಮುಗಿಯುವ ಇಮೋಜಿ ಒತ್ತಿದ್ದರು. ಇವರಿಗೆ ಬೇರೆ ಕೆಲಸ ಇಲ್ಲ ಎಂದು ಬೈದೂ ಬಿಟ್ಟೆ.
ಸುಳ್ಳಲ್ಲ.
ನಮ್ಮ ಕೆಮಿಸ್ಟ್ರಿಯ ಹಮೀದ್ ಸರ್ ಇಂದು ಬೆಳಗಿನ ಜಾವ ಕಾಪುವಿನ ಮನೆಯಲ್ಲಿ ತೀರಿಕೊಂಡರು. ಮಧ್ಯಾಹ್ನದ ನಮಾಜ್ ಆದ ಮೇಲೆ ದಫನ.

ಎಂಬತ್ತರ ದಶಕ... ಉಡುಪಿಯ ಕಾಲೇಜಿನಲ್ಲಿ ಸರ್ ಮತ್ತು ನಾನು ಲೆಕ್ಚರರ್‌ಗಳು, ಇಬ್ಬರದೂ ಒಂದೇ ಲ್ಯಾಬ್.
ಸಿಲೆಬಸ್ಸಿಗೆ ಹೊಸದಾಗಿ ಗ್ರೂಪ್ ಥಿಯರಿ ಬಂದಿತ್ತು. ಅಣುವಿನ ಸಿಮೆಟ್ರಿ ಲೆಕ್ಕ ಹಾಕಿದರೆ ಅದು ಹೇಗೆ ಕಂಪಿಸುತ್ತದೆ ಎಂದು ಕಾಗದದ ಮೇಲೇ ಹೇಳಬಹುದಂತೆ. ನಮಗೆಲ್ಲ ತಲೆಬುಡ ಗೊತ್ತಿಲ್ಲ!
ಸರ್ ಆವೆಮಣ್ಣಿನ ಉಂಡೆಗಳಿಗೆ ಗುಡಿಸುವ ಹಿಡಿಸೂಡಿಯ ಕಡ್ಡಿ ಚುಚ್ಚಿ ಅಣು ಮಾಡಿದರು. ಒಂದು ನಿಲುವುಗನ್ನಡಿಯನ್ನೂ ತಂದಿಟ್ಟರು.
"ಕಣ್ಣು ಮುಚ್ಚಿ ಮೇಡಂ."
ಮುಚ್ಚಿ ತೆರೆದರೆ...
"ತಿರುಗಿಸಿದೆನಾ, ಇಲ್ವಾ?"
ಗೊತ್ತೇ ಆಗುತ್ತಿರಲಿಲ್ಲ.
"ಗೊತ್ತಾಗದಿದ್ದರೆ ಅದೇ ಸಿಮೆಟ್ರಿ" ಎಂದು ನಗುತ್ತಿದ್ದರು.
ಕೆಲವು ಅಣುಗಳಿಗೆ ಮಾತ್ರ, ಕನ್ನಡಿಯೊಳಗಿನ ರೂಪವನ್ನು ಎಷ್ಟು ತಿರುಗಿಸಿದರೂ ಮೂಲದ ಮೇಲೆ ಕೂರುವುದಿಲ್ಲ. ಎಡಗೈ ಬಲಗೈಗಳ ಹಾಗೆ.

ಆ ವರ್ಷ ಕೆಮ್ಮು ಬಿಡದೆ ಸರ್ ಮಣಿಪಾಲಕ್ಕೆ ಹೋಗಿ ಎಕ್ಸ್-ರೇ ತೆಗೆಸಿದರು.
ಫಿಲ್ಮ್ ಉಲ್ಟಾ ಹಿಡಿದಿದ್ದೇನೆ ಎಂದುಕೊಂಡು ಡಾಕ್ಟರು ಅದನ್ನು ತಿರುಗಿಸಿ ಹಿಡಿದರಂತೆ. ಎದೆಯ ಎಡಗಡೆ ಸ್ಟೆತಾಸ್ಕೋಪ್ ಇಟ್ಟರೆ ಸದ್ದು ಸರಿಯಾಗಿ ಸಿಗಲಿಲ್ಲ. ಬಲಗಡೆಗೆ ಸರಿಸಿದರು...
ಹೃದಯ ಅಲ್ಲಿತ್ತು.

ಸಂಜೆ ಲ್ಯಾಬಿಗೆ ಹೋದರೆ, ಸರ್ ಎದೆಯ ಮೇಲೆ ಕೈಯಿಟ್ಟು ಕನ್ನಡಿಯ ಮುಂದೆ ನಿಂತಿದ್ದರು.
"ಅಲ್ಲಿರುವವನಿಗೆ ಹೃದಯ ಸರಿಯಾದ ಕಡೆ ಉಂಟು ಮೇಡಂ. ಹಾಗಾದರೆ ಪ್ರತಿಬಿಂಬ ಯಾರು?"
"ಎಂತ ಮಾತು ಮಾರಾಯ್ರೆ!" ಎಂದೆ.
ಅವರು ನಗಲಿಲ್ಲ. ಕನ್ನಡಿಯೊಳಗಿದ್ದವನು ನಕ್ಕ... ಇಂದಿಗೂ ಆಣೆ ಇಟ್ಟು ಹೇಳುತ್ತೇನೆ.
ಸರ್ ನನ್ನ ಕಡೆ ತಿರುಗಿದರು. "ಯಾರಿಗೂ ಹೇಳಬೇಡಿ. ಪಡುಬಿದ್ರಿಯಲ್ಲಿ ಹುಡುಗಿ ನೋಡಿ ಆಗಿದೆ. ಗೊತ್ತಾದರೆ ಕೊಡ್ಲಿಕ್ಕಿಲ್ಲ."
ಹೇಳಲಿಲ್ಲ. ಅಂದಿನಿಂದ ಅವರು ಕನ್ನಡಿಗೆ ಬೆನ್ನು ಹಾಕಿಯೇ ಪಾಠ ಮಾಡಿದರು.

ಹಮೀದ್ ಸರ್, ಎಂಥ ಜನ ನೀವು! ಗುಟ್ಟನ್ನು ನನ್ನ ತಲೆಗೆ ಕಟ್ಟಿ ಹೊರಟಿರಲ್ಲ...
ನಾನಿಲ್ಲಿ ಕಾರ್ಕಳದಲ್ಲಿ, ಮೊಣಕಾಲಿನ ಆಪರೇಷನ್ ಆಗಿ ಮಂಚದ ಮೇಲೆ. ನಿಮ್ಮ ಮಗನಿಗೆ ಫೋನ್ ಮಾಡಿದೆ.
"ಪಕ್ಕದ ಮನೆಯ ಕಂಪೌಂಡರ್ ಎದೆ ಮುಟ್ಟಿ ನೋಡಿದರು ಆಂಟಿ. ಬಡಿತ ಇಲ್ಲ ಅಂದರು."
ಮಂಚದಲ್ಲೇ ಎದ್ದು ಕೂತೆ.
ಯಾವ ಕಡೆ ಮುಟ್ಟಿದರು?
ದಫನಕ್ಕೆ ಇನ್ನು ಸ್ವಲ್ಪವೇ ಹೊತ್ತು. ನೀವಿನ್ನೂ ಒಳಗೇ ಇದ್ದರೆ... ಬಲಗಡೆ ಬಡಿಯುತ್ತಲೇ ಇದ್ದರೆ... ಬಿಳಿ ಬಟ್ಟೆಯೊಳಗೆ ನೀವು ನಮ್ಮ ಮಾತು ಕೇಳುತ್ತಿದ್ದರೆ!
"ಅಮ್ಮನಿಗೆ ಕೊಡು" ಎಂದು ಕಿರುಚಿದೆ.
ಸಫಿಯಾ ಫೋನ್ ತೆಗೆದುಕೊಂಡರು.
"ಬಲಗಡೆ ನೋಡಿದ್ದೀರಾ ಸಫಿಯಾ? ಬಲಗಡೆ!"
ಅವರು ಮೆಲ್ಲಗೆ ಹೇಳಿದರು.
"ಮದುವೆಯಾದಂದಿನಿಂದ ಆ ಬಲಗಡೆಯೇ ತಲೆ ಇಟ್ಟು ಮಲಗಿದವಳು ನಾನು ಟೀಚರ್. ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೆಳಿಗ್ಗೆ ಅಲ್ಲೇ ಕಿವಿ ಇಟ್ಟೆ... ಎಂತದೂ ಇಲ್ಲ. ಆದ್ರೂ ಕಿವಿ ತೆಗೀಲಿಕ್ಕೆ ಮನಸ್ಸೇ ಬರಲಿಲ್ಲ."

ಹೊರಡಿ ಸರ್...
ದೇವರು ನಿಮ್ಮನ್ನು ತಣ್ಣಗಿಡಲಿ. ನೆಮ್ಮದಿಯಾಗಿ ಮಲಗಿ.